ಉಪ್ಪುನೀರಿನಲ್ಲಿ ಕೂಗಿ ಚಿನ್ನದ ಮೇಲೆ ಸುಮ್ಮನಾದ ಲೋಹಶೋಧಕ ಮಹಾಶಯರಿಗೆ

ಮಾನ್ಯ ಲೋಹಶೋಧಕ ಮಹಾಶಯರೇ,

ತಮ್ಮ ದುಂಡು ತಟ್ಟೆಗೂ, ಮೂರು ಮಡಿಕೆಯ ಕೋಲಿಗೂ, ಕೋಲಿನ ತುದಿಯಲ್ಲಿ ಸದಾ ಯಾವುದೋ ಗಹನವಾದ ಅಂಕಿಯನ್ನು ಚಿಂತಿಸುತ್ತಿರುವ ಪುಟ್ಟ ಪರದೆಗೂ ಪ್ರತ್ಯೇಕ ಪ್ರತ್ಯೇಕವಾಗಿ ನಮಸ್ಕರಿಸಿ, ಬೀದಿ ತಿರುವಿನಲ್ಲಿ ಬಟ್ಟೆ ಹೊಲಿಯುವವಳಾದ ನಾನು ಬರೆದುಕೊಳ್ಳುವ ದೂರು ಏನೆಂದರೆ, ತಾವು ನಮ್ಮ ಮನೆಗೆ ಬಂದು ಹದಿನಾರು ದಿನಗಳಾಗಿದ್ದು, ಅಷ್ಟರಲ್ಲೇ ನಮ್ಮ ಸಂಸಾರವನ್ನು ತಲೆಕೆಳಗು ಮಾಡಿದ್ದೀರಿ. ತಮಗೆ ಓದು ಬರುವುದಿಲ್ಲವೆಂದು ನಾನು ಬಲ್ಲೆ. ಆದ್ದರಿಂದಲೇ ಈ ಪತ್ರವನ್ನು ನನ್ನ ಅಂಗಡಿಯ ಗಾಜಿಗೆ ಅಂಟಿಸಿದ್ದೇನೆ. ಬ್ಲೌಸಿನ ಅಳತೆ ಕೊಡಲು ಬಂದವರಾದರೂ ಓದಿ ತಮಗೆ ತಿಳಿಹೇಳಲಿ.

ತಮ್ಮನ್ನು ಕರೆತರಲು ಕಾರಣವಾದ ಘಟನೆಯನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ಒಂದು ಭಾನುವಾರ ನಾವು ಮೂವರು, ಅಂದರೆ ನಾನು, ಲಿಫ್ಟ್ ರಿಪೇರಿ ಮಾಡುವ ನನ್ನ ಯಜಮಾನರು, ಅವರ ತಾಯಿಯಾದ ನಮ್ಮ ಅತ್ತೆ, ಸಮುದ್ರದ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆವು. ಅಲೆಗೆ ಹೇಗೆ ಎದೆ ಕೊಡಬೇಕೆಂದು ಯಜಮಾನರು ನಮಗೆ ಪಾಠ ಮಾಡುತ್ತಿದ್ದಾಗ, ಹಿಂದಿನಿಂದ ಬಂದ ಒಂದು ಸಣ್ಣ, ಲೆಕ್ಕಕ್ಕೆ ಬಾರದ ಅಲೆ ಅವರನ್ನು ಕಾಲು ಮೇಲಾಗಿ ಕೆಡವಿತು. ಅತ್ತೆ ನಕ್ಕರು. ಅವರು ನಗುವುದೆಂದರೆ ಅರ್ಧಂಬರ್ಧ ಅಲ್ಲ, ಸೊಂಟಕ್ಕೆ ಕೈಕೊಟ್ಟು, ಆಕಾಶದ ಕಡೆ ಮುಖ ಮಾಡಿ, ಊರಿಗೆಲ್ಲ ಕೇಳುವ ಹಾಗೆ ನಗುವುದು. ಆ ನಗುವಿನ ಮಧ್ಯೆ ಅವರ ಮೇಲಿನ ಹಲ್ಲುಸೆಟ್ಟು ಹಾರಿ ನೀರಿಗೆ ಬಿತ್ತು, ಮುಂದಿನ ಅಲೆ ಅದನ್ನು ಎತ್ತಿಕೊಂಡು ಹೋಯಿತು.

ಬರೀ ಹಲ್ಲುಸೆಟ್ಟಾಗಿದ್ದರೆ ತಮ್ಮಂಥ ದೊಡ್ಡವರಿಗೆ ತೊಂದರೆ ಕೊಡುತ್ತಿರಲಿಲ್ಲ. ಅದರಲ್ಲಿ ಒಂದು ಚಿನ್ನದ ಹಲ್ಲಿತ್ತು. ಅತ್ತೆ ಮೂವತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿಗೆಲ್ಲ ಅವರ ದನಿ ಗೊತ್ತಿತ್ತು, ಮುಖ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಮೊದಲ ಸಂಬಳದಲ್ಲಿ ಹಟ ಮಾಡಿ ಚಿನ್ನದ ಹಲ್ಲು ಕಟ್ಟಿಸಿಕೊಂಡರಂತೆ, ಕಂಡವರಾದರೂ ಒಮ್ಮೆ ತಿರುಗಿ ನೋಡಲಿ ಎಂದು. ಸ್ವಂತ ಹಲ್ಲುಗಳೆಲ್ಲ ಉದುರಿದ ಮೇಲೂ ದಂತವೈದ್ಯರ ಜೊತೆ ಜಗಳವಾಡಿ ಅದೇ ಚಿನ್ನವನ್ನು ಹೊಸ ಸೆಟ್ಟಿಗೆ ಕೂರಿಸಿಕೊಂಡಿದ್ದರು.

ಆ ಭಾನುವಾರದಿಂದ ಅವರು ಬಾಯಿಗೆ ಕರವಸ್ತ್ರ ಹಿಡಿದರು. ಮಾತು ನಿಲ್ಲಿಸಿ, ನನ್ನ ಅಳತೆಪುಸ್ತಕದ ಹಾಳೆ ಹರಿದು ಚೀಟಿ ಬರೆಯತೊಡಗಿದರು. ಎರಡು ವಾರ ಬಿಟ್ಟು ಎಕ್ಸ್‌ಚೇಂಜಿನ ಹಳೆಯ ಗೆಳತಿಯರೆಲ್ಲ ಸೇರುವುದಿತ್ತು. ಒಂದು ಕಾಲಕ್ಕೆ ನಲವತ್ತು ಜನರಿದ್ದ ಕೂಟ ಈಗ ಏಳಕ್ಕೆ ಇಳಿದಿದೆ. ಹೊಸ ಸೆಟ್ಟಿಗೆ ತಿಂಗಳಾದರೂ ಬೇಕೆಂದು ದಂತವೈದ್ಯರು ಕೈಚೆಲ್ಲಿದರು. ಮರುದಿನ ನನ್ನ ಹೊಲಿಗೆ ಯಂತ್ರದ ಮೇಲೆ ಒಂದು ಚೀಟಿ ಇತ್ತು: "ನಾನು ಬರಲ್ಲ ಅಂತ ಅವ್ರಿಗೆ ಫೋನ್ ಮಾಡಿ ಹೇಳ್ಬಿಡಮ್ಮ." ಫೋನಿನಲ್ಲೇ ಜೀವನ ಕಳೆದ ಹೆಂಗಸು ಒಂದು ಫೋನ್ ಮಾಡಲು ನನಗೆ ಹೇಳುತ್ತಿದ್ದರು. ನಾನು ಫೋನ್ ಮಾಡಲಿಲ್ಲ, ಯಜಮಾನರನ್ನು ಎಳೆದುಕೊಂಡು ತಮ್ಮ ಅಂಗಡಿಗೆ ಬಂದೆ.

ತಮ್ಮ ಆಯ್ಕೆ ಎಷ್ಟು ವಿಧಿವತ್ತಾಗಿ ನಡೆಯಿತೆಂಬುದನ್ನು ತಾವು ಗೋಡೆಗೆ ಒರಗಿ ನೋಡಿದ್ದೀರಿ. ಒಣ ಮರಳೋ ಒದ್ದೆ ಮರಳೋ, ಸಿಹಿನೀರೋ ಉಪ್ಪುನೀರೋ, ಮೊಣಕಾಲವರೆಗೋ ಕುತ್ತಿಗೆವರೆಗೋ ಎಂದು ಅಂಗಡಿಯವರು ಸಂಬಂಧ ಕುದುರಿಸುವವರ ಹಾಗೆ ವಿಚಾರಿಸಿದರು. ಹುಡುಕುವುದು ಏನನ್ನು ಎಂಬ ಪ್ರಶ್ನೆಗೆ ಯಜಮಾನರು ಹಲ್ಲನ್ನು ಎಂದಾಗ ಅವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿಕೊಂಡರು. ಮೊದಲನೆಯ ಯಂತ್ರ ಅಗ್ಗ, ಆದರೆ ಕಾಲು ನೆನೆದರೂ ತಲೆ ನೆನೆಯಬಾರದು, ಮೇಲಿನ ಡಬ್ಬಿಗೆ ಒಂದು ಅಲೆ ಬಡಿದರೆ ಕಥೆ ಮುಗಿಯಿತು. ಎರಡನೆಯದು ಕಡಲಿನ ಆಳಕ್ಕೂ ಇಳಿಯುತ್ತದೆ, ಉಪ್ಪಿಗೆ ಜಗ್ಗುವುದಿಲ್ಲ, ಆದರೆ ತುಕ್ಕು ಮೊಳೆಗೂ ಚಿನ್ನಕ್ಕೂ ಅದಕ್ಕೆ ಭೇದ ತಿಳಿಯದು. ಮೂರನೆಯವರು ತಾವು. ಒಂದೇ ಸಲಕ್ಕೆ ಹಲವು ತರಂಗಗಳನ್ನು ಬಿಟ್ಟು ಉಪ್ಪನ್ನು ಅರ್ಥ ಮಾಡಿಕೊಳ್ಳುತ್ತೀರಂತೆ, ತಲೆಯಿಂದ ಕಾಲಿನವರೆಗೆ ನೀರಿಗೆ ಅಂಜುವುದಿಲ್ಲವಂತೆ, ಎಲ್ಲಕ್ಕಿಂತ ಹೆಚ್ಚಾಗಿ ತಮಗೆ ವಿವೇಚನೆ ಇದೆಯಂತೆ. ನಮ್ಮ ಮನೆಯಲ್ಲಿ ಆ ಗುಣದ ಕೊರತೆ ಇದ್ದುದರಿಂದ ಹಿಂದುಮುಂದು ನೋಡದೆ ತಮ್ಮನ್ನು ಬರಮಾಡಿಕೊಂಡೆವು.

ಮೊದಲ ದಿನ ಅಭ್ಯಾಸಕ್ಕೆಂದು ಒಣ ಮರಳಿನ ಮೇಲೆ ತಾವು ನನ್ನನ್ನು ನಡೆಸಿಕೊಂಡ ರೀತಿಯನ್ನು ನಾನು ಇನ್ನೂ ಮರೆತಿಲ್ಲ. ತಟ್ಟೆ ಎಡಕ್ಕೆ ಹೋದಾಗ ಕೂಗಿದಿರಿ, ಬಲಕ್ಕೆ ಹೋದಾಗ ಕೂಗಿದಿರಿ, ನಿಂತರೂ ಕೂಗಿದಿರಿ. ಇಡೀ ಕಡಲತೀರವೇ ಚಿನ್ನದ ಗಣಿಯೆಂದು ಯಜಮಾನರು ಹಿಗ್ಗಿ ನನ್ನ ಕಾಲ ಸುತ್ತ ಬಾವಿಯನ್ನೇ ತೋಡಿದರು, ನಾನು ಆ ಬಾವಿಯ ನಡುವೆ ದ್ವೀಪವಾಗಿ ಉಳಿದೆ. ಕೊನೆಗೆ ತಿಳಿದದ್ದೇನೆಂದರೆ, ಹೊಲಿಗೆ ಅಂಗಡಿಯಿಂದ ನೇರವಾಗಿ ಹೋಗಿದ್ದ ನನ್ನ ಸೀರೆಯ ಅಂಚಿನಲ್ಲಿ, ಫಾಲ್ ಹಚ್ಚಲು ಗುರುತಿಗೆಂದು ಚುಚ್ಚಿದ್ದ ಹದಿಮೂರು ಗುಂಡುಪಿನ್ನುಗಳು ಹಾಗೇ ಇದ್ದವು. ತಪ್ಪು ನನ್ನದೇ ಎಂದು ಒಪ್ಪುತ್ತೇನೆ, ಆದರೆ ಹೆಂಗಸೊಬ್ಬಳ ಸೀರೆಯ ಅಂಚಿನ ಗುಟ್ಟನ್ನು ಸಾರ್ವಜನಿಕ ಸ್ಥಳದಲ್ಲಿ ಬೊಬ್ಬೆ ಹೊಡೆದು ಸಾರುವುದು ವಿವೇಚನೆಯುಳ್ಳವರ ಲಕ್ಷಣವೇ ಎಂದು ತಾವೇ ಯೋಚಿಸಿ.

ಎರಡನೆಯ ದಿನ ಒದ್ದೆ ಮರಳು ಮುಟ್ಟಿದೊಡನೆ ತಾವು ಸಮುದ್ರವನ್ನೇ ಬೈಯತೊಡಗಿದಿರಿ. ಫೋನ್ ಮಾಡಿದಾಗ ಅಂಗಡಿಯವರು, ತಮ್ಮನ್ನು ಮೈದಾನದ ಸೆಟ್ಟಿಂಗಿನಲ್ಲಿ ಇಟ್ಟಿದ್ದೇವೆ, ಕಡಲತೀರದ ಸೆಟ್ಟಿಂಗಿಗೆ ತಿರುಗಿಸಿ ಎಂದರು. ತಿರುಗಿಸಿದೆವು, ತಾವು ಸಮಾಧಾನಗೊಂಡಿರಿ, ನಾವು ಅಗೆದೆವು. ಸೋಡಾ ಮುಚ್ಚಳ, ಪಾನೀಯದ ಡಬ್ಬಿ ತೆರೆಯುವಾಗ ಕೀಳುವ ಕಿವಿ, ಚಾಕೊಲೇಟಿನ ಬೆಳ್ಳಿ ಕಾಗದ, ಮತ್ತೆ ಬೆಳ್ಳಿ ಕಾಗದ. ಜಗತ್ತಿನಲ್ಲಿ ಮಾನವರು ಇಷ್ಟೊಂದು ಚಾಕೊಲೇಟು ತಿಂದಿದ್ದಾರೆಂದು ಅಂದೇ ನನಗೆ ಗೊತ್ತಾದದ್ದು. ಗುಂಡಿ ಒತ್ತಿದರೆ ಯಾವ ಯಂತ್ರವೂ ಮಾತು ಕೇಳುತ್ತದೆಂದು ನಂಬಿರುವ ಯಜಮಾನರು ಸೊಂಟ ಹಿಡಿದುಕೊಂಡು ತಮ್ಮ ಕೈಪಿಡಿ ಓದಿದರು, ಕಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡುವ ಗುಂಡಿಯನ್ನು ಕಂಡುಹಿಡಿದರು, ಒತ್ತಿದರು.

ಆಮೇಲೆ ತಾವು ಮೌನವ್ರತ ಹಿಡಿದಿರಿ. ನಾಲ್ಕು ದಿನ, ಅಲೆ ಅಲೆಗೂ ತಮ್ಮನ್ನು ಎಡಕ್ಕೆ ಬಲಕ್ಕೆ ಬೀಸಿ ನನ್ನ ರಟ್ಟೆ ಬಿದ್ದುಹೋಯಿತು, ತಾವು ತುಟಿ ಎರಡು ಮಾಡಲಿಲ್ಲ. ಅನುಮಾನ ಬಂದು ಪಕ್ಕದ ಮನೆಯವರು ಗೋಡೆ ಕಟ್ಟಲು ತರಿಸಿದ್ದ ಮರಳಿನ ಗುಡ್ಡೆಯ ಮೇಲೆ ನನ್ನ ಚಿನ್ನದ ಉಂಗುರ ಇಟ್ಟು ತಮ್ಮನ್ನು ಆಡಿಸಿದೆ. ಸದ್ದಿಲ್ಲ. ಉಂಗುರ ತೆಗೆದು ಹಳೆಯ ಹಿತ್ತಾಳೆ ಬೀಗ ಇಟ್ಟೆ, ತಾವು ಭಾವಪರವಶರಾಗಿ ಕೂಗಿದಿರಿ. ಮಹಾಶಯರೇ, ತಮ್ಮ ದೃಷ್ಟಿಯಲ್ಲಿ ಸಣ್ಣ ಚಿನ್ನವೂ ಚಾಕೊಲೇಟಿನ ಕಾಗದವೂ ಒಂದೇ ದನಿಯವು. ಕಸ ಬೇಡವೆಂದರೆ ಚಿನ್ನವೂ ಬೇಡವೆಂದೇ ತಾವು ತಿಳಿಯುತ್ತೀರಿ. ಈ ಸಮದೃಷ್ಟಿ ಋಷಿಗಳಿಗೂ ದುರ್ಲಭವೆಂದು ಮೆಚ್ಚುತ್ತಲೇ, ಕೆಲವು ವಿನಂತಿಗಳನ್ನು ಸಲ್ಲಿಸುತ್ತೇನೆ: ಚಿನ್ನ ಕಂಡಾಗ ತಾವು ಬೇರೆ ರಾಗದಲ್ಲಿ ಕೂಗಬೇಕು, ಬೆಳ್ಳಿ ಕಾಗದ ಕಂಡಾಗ ಕೆಮ್ಮಿದರೆ ಸಾಕು, ಸಾಧ್ಯವಾದರೆ ಹಲ್ಲು ಮೇಲಿನದೋ ಕೆಳಗಿನದೋ ಹೇಳಬೇಕು, ಅಗೆಯುವ ಕೆಲಸವನ್ನು ತಾವೇ ಮಾಡಿದರೆ ಇನ್ನೂ ಸಂತೋಷ.

ಕೂಟಕ್ಕೆ ಎರಡು ದಿನ ಉಳಿದಿರುವಾಗ ಕಸ ಬೇಡವೆನ್ನುವ ಆ ಗುಂಡಿಯನ್ನು ತಿರುಗಿ ಮೊದಲಿನಂತೆ ಮಾಡಿ, ಬಿಸಿಲು ಇಳಿಯುವ ಹೊತ್ತಿಗೆ ನಾನು ಕೊನೆಯ ಸಲ ಹೊರಟೆ. ಮನೆಯಲ್ಲೇ ಇರಿ ಎಂದರೂ ಕೇಳದೆ ಅತ್ತೆ ಕರವಸ್ತ್ರ ಹಿಡಿದುಕೊಂಡು ಹಿಂದೆಯೇ ಬಂದರು. ಮುಚ್ಚಳದ ಮೇಲೆ ಮುಚ್ಚಳ ತೆಗೆದು ನಾನು ಅಳುವ ಹಂತಕ್ಕೆ ಬಂದಿದ್ದೆ. ತಮ್ಮ ದನಿ ಕೇಳಲೆಂದು ನಾನು ಹಾಕಿಕೊಂಡಿದ್ದ ಹೆಡ್‌ಫೋನನ್ನು ಅತ್ತೆ ನನ್ನ ತಲೆಯಿಂದ ಕಿತ್ತು ಅವರ ಕಿವಿಗೆ ಹಾಕಿಕೊಂಡು, ಕೋಲು ಹಿಡಿದು ನೀರಿಗಿಳಿದರು. ತಾವು ಉಪ್ಪಿಗೆ ಗೊರಗೊರ ಎನ್ನುವುದು, ಅಲೆಗೆ ಕೊಸಕೊಸ ಎನ್ನುವುದು, ನನಗೆ ಬರೀ ಗದ್ದಲ. ಅವರು ಕಣ್ಣು ಮುಚ್ಚಿದರು. ಕೈ ನಿಧಾನವಾಯಿತು, ಒಂದೇ ಜಾಗದ ಮೇಲೆ ಮೂರು ಸಲ ಹೋಗಿ ಬಂತು. ಆಮೇಲೆ ಕರವಸ್ತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹನ್ನೆರಡು ದಿನಗಳಲ್ಲಿ ಮೊದಲ ಬಾರಿಗೆ ಬಾಯಿ ಬಿಟ್ಟರು.

"ಸ್ವಲ್ಪ ಸುಮ್ನಿರಮ್ಮ, ಲೈನಲ್ಲಿ ಯಾರೋ ಇದಾರೆ. ಇಲ್ಲಿ ಅಗಿ."

ನಾನು ಅಗೆದೆ. ಒಂದು ಗೇಣು ಕೆಳಗೆ ಉಂಡೆಯಾಗಿ ಮುದುಡಿದ ಬೆಳ್ಳಿ ಕಾಗದ ಸಿಕ್ಕಿತು. ಅತ್ತೆ ಅದನ್ನು ಬೆರಳ ತುದಿಯಲ್ಲಿ ಎತ್ತಿ ಬಿಸಿಲಿಗೆ ಹಿಡಿದು, "ರಾಂಗ್ ನಂಬರ್" ಎಂದರು, ಸೊಂಟಕ್ಕೆ ಕೈಕೊಟ್ಟರು, ಬರಿದಾದ ಬಾಯನ್ನು ಪೂರ್ತಿ ತೆರೆದು ನಕ್ಕರು. ನಾನು ನೀರಿನಲ್ಲೇ ಕುಕ್ಕರಿಸಿ ನಗುತ್ತಾ ಅತ್ತುಬಿಟ್ಟೆ. ಅಷ್ಟು ದಿನ ನಾನು ಹಲ್ಲನ್ನು ಹುಡುಕುತ್ತಿರಲಿಲ್ಲ, ಈ ನಗುವನ್ನು ಹುಡುಕುತ್ತಿದ್ದೆ ಎಂದು ಆಗ ತಿಳಿಯಿತು.

ಇನ್ನು ನನ್ನ ಮುಖ್ಯ ದೂರಿಗೆ ಬರುತ್ತೇನೆ. ಅಂದಿನಿಂದ ತಾವು ನಮ್ಮವರಾಗಿ ಉಳಿದಿಲ್ಲ. ಭಾನುವಾರ ಅತ್ತೆ ಹಲ್ಲಿಲ್ಲದೆಯೇ, ತಮ್ಮನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸು ಹತ್ತಿ ಕೂಟಕ್ಕೆ ಹೋದರು. ಅಲ್ಲಿನ ಉದ್ಯಾನದ ಹುಲ್ಲಿನ ಮೇಲೆ ಏಳೂ ಜನ ಸರದಿಯ ಪ್ರಕಾರ ಹೆಡ್‌ಫೋನ್ ಹಾಕಿಕೊಂಡು, ನೆಲದೊಳಗಿನವರಿಗೆ ಹಲೋ ಹೇಳಿದರಂತೆ. ಅತ್ತೆಗೆ ಜೊತೆಯಾಗಲೆಂದು ಇಬ್ಬರು ತಮ್ಮ ಹಲ್ಲುಸೆಟ್ಟುಗಳನ್ನೂ ತೆಗೆದು ಕೈಚೀಲಕ್ಕೆ ಹಾಕಿಕೊಂಡರಂತೆ. ಈಗ ಪ್ರತಿ ಮಧ್ಯಾಹ್ನ ಆ ಏಳು ಜನ ನನ್ನ ಅಂಗಡಿಯ ಮುಂದೆ ಕೊಡೆ, ಸಲಿಕೆ, ಚಹಾದ ಫ್ಲಾಸ್ಕು ಸಮೇತ ಸೇರುತ್ತಾರೆ, ಅವರ ನಗುವಿಗೆ ನಾನು ಅಳತೆ ತಪ್ಪಿ ಎರಡು ಬ್ಲೌಸುಗಳಿಗೆ ಮೂರು ಮೂರು ತೋಳು ಕತ್ತರಿಸಿದ್ದೇನೆ. ಇದಕ್ಕೆ ಸಂಪೂರ್ಣ ಹೊಣೆ ತಮ್ಮದೇ ಎಂದು ಈ ಮೂಲಕ ಬಹಿರಂಗವಾಗಿ ಸಾರುತ್ತೇನೆ.

ತಮ್ಮ ಬೊಬ್ಬೆಗೂ ಮೌನಕ್ಕೂ ಸಮನಾಗಿ ಬೆದರಿರುವ,
ತಮ್ಮ ವಿಶ್ವಾಸಿ,
ಬೀದಿ ತಿರುವಿನ ಟೈಲರಮ್ಮ

ಮರೆತದ್ದು: ಚಿನ್ನದ ಹಲ್ಲು ಇನ್ನೂ ಸಮುದ್ರದಲ್ಲೇ ಇದೆ, ಅದು ಸಿಗುವವರೆಗೂ ಬಿಡುವುದಿಲ್ಲವೆಂದು ಏಳೂ ಜನ ಪಣ ತೊಟ್ಟಿದ್ದಾರೆ. ಆದ್ದರಿಂದ ಯಾವತ್ತಾದರೂ ಅದರ ಮೇಲೆಯೇ ಹಾದುಹೋದರೆ, ದಯವಿಟ್ಟು ಸುಮ್ಮನಿದ್ದುಬಿಡಿ. ಚಿನ್ನ ಕಂಡರೂ ಸುಮ್ಮನಿರುವುದು ಹೇಗೆಂದು ತಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.