ಪಶ್ಚಿಮವಾಹಿನಿಗೆ ಹೊರಟ ಮೆಟಡಾರ್

ಹನುಮಂತರಾಯಪ್ಪ ಮಾಡಿದ ತಪ್ಪು ಒಂದೇ. ಮೆಟಡಾರ್ ಗೊತ್ತುಮಾಡಿದ ಸಂಗತಿಯನ್ನು ಮಾಕಳಿಯ ಬೀದಿ ನಲ್ಲಿಯ ಹತ್ತಿರ ಬಾಯಿಬಿಟ್ಟ.

ಹೆಂಡತಿ ಪಿಳ್ಳಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ಪೀಣ್ಯದ ಕಾರ್ಖಾನೆಯಲ್ಲಿ ರಜ ಸಿಗದೆ, ಅವಳ ಅಸ್ಥಿಯ ಗಡಿಗೆ ಊರಾಚೆಯ ಆಲದ ಕೊಂಬೆಯಲ್ಲೇ ತೂಗುತ್ತಿತ್ತು. ದಿನವೂ ಕೆಲಸಕ್ಕೆ ಹೋಗುವಾಗ ಆ ಮರ ಕಂಡರೆ ಅವನು ತಲೆ ತಗ್ಗಿಸಿ ನಡೆಯುತ್ತಿದ್ದ. ಈ ಭಾನುವಾರ ಅಮಾವಾಸ್ಯೆ. ಹೊತ್ತು ಮುಳುಗುವುದರೊಳಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟರೆ ಆ ಜೀವಕ್ಕೆ ನೆಮ್ಮದಿ. ತಪ್ಪಿದರೆ ಇನ್ನೊಂದು ಅಮಾವಾಸ್ಯೆವರೆಗೆ ಕಾಯಬೇಕೆಂದು ಹಿರಿಯರು ಹೇಳಿದ್ದರು.

ಬೆಳಿಗ್ಗೆ ಆರಕ್ಕೆ ಅವನು ಗಡಿಗೆ ಇಳಿಸಿಕೊಂಡು ಬರುವಷ್ಟರಲ್ಲಿ ಗಾಡಿಯಲ್ಲಿ ಹತ್ತು ಜನ ಕೂತಿದ್ದರು.

"ಒಬ್ಬನೇ ಓಗ್ತೀಯೇನೋ ಪಾಪ? ನಾವೆಲ್ಲ ಸತ್ತೋದ್ವಾ?" ಎಂದಳು ಪಕ್ಕದ ಮನೆಯ ಅಶ್ವತ್ಥಮ್ಮ. ಕಾಲ ಬಳಿ ಪುಳಿಯೋಗರೆಯ ಪಾತ್ರೆ ಇತ್ತು.

ಮೂವತ್ತು ವರ್ಷದ ಹಿಂದೆ ಒಮ್ಮೆ ಮೈಸೂರು ಕಂಡುಬಂದಿದ್ದ ಬೈರಪ್ಪ, ಡ್ರೈವರ್ ನಲ್ಲಪ್ಪನ ಪಕ್ಕದಲ್ಲಿ ದಿವಾನನಂತೆ ಕೂತಿದ್ದ. "ಎಂಗೂ ಗಾಡಿ ಓಗ್ತದೆ. ದಾರೀಲಿ ನಾಕು ಜಾಗ ನೋಡ್ಕೊಂಡ್ ಓಗಾನ. ಗಡಿಗೆ ಮಾತ್ರ ನೆಲ ಮುಟ್ಟಂಗಿಲ್ಲ, ಉಷಾರು."

ಎಲ್ಲರೂ ಇನ್ನೊಮ್ಮೆ ಮನೆಗೆ ಹೋಗಿ ಮರೆತದ್ದನ್ನು ತರುವಷ್ಟರಲ್ಲಿ ಒಂಬತ್ತಾಯಿತು.

ಬಿಡದಿಯಲ್ಲಿ ತಟ್ಟೆ ಇಡ್ಲಿ. ಕೆಂಗಲ್‌ನಲ್ಲಿ ಹನುಮಂತನ ದರ್ಶನ. ಗಡಿಗೆ ಗುಡಿಯೊಳಗೆ ಬರುವಂತಿಲ್ಲ; ಹಾಗಾಗಿ ಹನುಮಂತರಾಯಪ್ಪನೂ ಬರುವಂತಿಲ್ಲ. ಯಾರದೋ ಮಗುವನ್ನೆತ್ತಿಕೊಂಡು ಸಂತೆಯಲ್ಲಿ ದಾರಿ ತಪ್ಪಿದವನಂತೆ, ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗಾಡಿಯಲ್ಲಿ ಕೂತ. ಮೂಗು ತುರಿಸುತ್ತಿತ್ತು. ಎರಡು ಕೈಯೂ ಖಾಲಿಯಿರಲಿಲ್ಲ.

ಚನ್ನಪಟ್ಟಣದಲ್ಲಿ ಅಶ್ವತ್ಥಮ್ಮ ಮೊಮ್ಮಗನಿಗೆಂದು ಮರದ ಕುದುರೆ ಹುಡುಕಿದಳು. ಒಂದಕ್ಕೆ ಕಣ್ಣು ಸರಿಯಿಲ್ಲ, ಇನ್ನೊಂದಕ್ಕೆ ಬಾಲ ಸರಿಯಿಲ್ಲ.

"ಅಕ್ಕಾ, ಒತ್ತಾಗ್ತದೆ!" ಹನುಮಂತರಾಯಪ್ಪ ಗಾಡಿಯಿಂದಲೇ ಕೂಗಿದ.

"ಸತ್ತೋರಿಗೆ ಏನೋ ಅವಸರ? ಅವಳೇನಾದ್ರೂ ಬಾಯ್ಬಿಟ್ಟು ಕೇಳಿದ್ಳಾ?"

ಅವಳು ನಾಲ್ಕನೆಯ ಅಂಗಡಿ ಹೊಕ್ಕಳು. ಹನುಮಂತರಾಯಪ್ಪ ಸಿಟ್ಟಿನಿಂದ ಗಡಿಗೆಯ ಕಡೆ ಬಗ್ಗಿ ಪಿಸುಗುಟ್ಟಿದ. "ನೋಡ್ದಾ ನಿನ್ನ ಗೆಳತೀನ?" ಆಮೇಲೆ ಗಡಿಗೆಯನ್ನು ಕಿಟಕಿಯ ಕಡೆ ಎತ್ತಿಹಿಡಿದು ಮುಂದುವರಿಸಿದ. "ಬೊಂಬೆ ಅಂಗಡಿ ಕಣೆ. ಅಲ್ಲೊಂದು ಬುಗುರಿ ಐತೆ, ನಿನ್ನ ಮೂಗುತಿ ಅರಳಿನಷ್ಟೇ ಕೆಂಪು."

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳಿಗೆ ಅವನು ತೋರಿಸಿದ ಪರಸ್ಥಳವೆಂದರೆ ಆಸ್ಪತ್ರೆಯೊಂದೇ. ಇಷ್ಟು ಮಾತನ್ನು ಒಟ್ಟಿಗೆ ಆಡಿದ್ದೂ ಇಂದೇ.

ಮದ್ದೂರಿನಲ್ಲಿ ಅಶ್ವತ್ಥಮ್ಮ ವಡೆ ಮುರಿದು "ಆ ಅನ್ನು" ಎಂದು ಅವನ ಬಾಯಿಗಿಟ್ಟಳು. ಮಂಡ್ಯ ದಾಟಿದ ಮೇಲೆ ಚಕ್ರದ ಗಾಳಿ ಹೋಯಿತು. ಶ್ರೀರಂಗಪಟ್ಟಣ ಸೇರಿದಾಗ ನಾಲ್ಕು ಗಂಟೆ.

"ಇನ್ನು ಸೀದಾ ಒಳೆಗೆ" ಎಂದ ಹನುಮಂತರಾಯಪ್ಪ.

"ರಂಗನಾಥನ ಮುಂದೆ ಬಂದು ಕೈ ಮುಗೀದೆ ಓಗೋದಾ? ಪಾಪ ಬರ್ತದೆ" ಎಂದ ಬೈರಪ್ಪ.

ಪಾಪಕ್ಕೆ ಹೆದರಿ ಎಲ್ಲರೂ ಇಳಿದರು. ದರ್ಶನದ ಸಾಲು ಹಸಿದ ಹಾವಿನ ಹಾಗೆ ಉದ್ದಕ್ಕೆ ಮಲಗಿತ್ತು. ಆಮೇಲೆ ಟಿಪ್ಪುವಿನ ಬೇಸಿಗೆ ಅರಮನೆ. ಹನುಮಂತರಾಯಪ್ಪ ಕೋಟೆಗೋಡೆಯ ಮೇಲೆ ಇಳಿಯುತ್ತಿದ್ದ ಬಿಸಿಲನ್ನು ನೋಡುತ್ತ, ದೇವರೇ, ಇವರನ್ನೆಲ್ಲ ಒಮ್ಮೆ ನನ್ನಿಂದ ದೂರ ಮಾಡು ಎಂದು ಬೇಡಿಕೊಂಡ.

ನದಿಯ ದಡಕ್ಕೆ ಓಡೋಡಿ ಬಂದಾಗ ಪುರೋಹಿತರು ಚಾಪೆ ಸುತ್ತುತ್ತಿದ್ದರು. ಪಡುವಣದಲ್ಲಿ ಕೆಂಪು ಮಾತ್ರ ಉಳಿದಿತ್ತು.

"ಸೂರ್ಯ ಮುಳುಗಿದನಲ್ಲಪ್ಪ. ಈಗ ಆಗೋದಿಲ್ಲ. ಮುಂದಿನ ಅಮಾವಾಸ್ಯೆಗೆ ಬಾ."

ನೀರು ಕಲ್ಲಿಗೆ ಬಡಿಯುತ್ತಿತ್ತು. ಮೊದಲು ಅತ್ತವಳು ಅಶ್ವತ್ಥಮ್ಮ.

"ನಮ್ಮಿಂದ ಕೆಟ್ತಲ್ಲೋ. ಆ ಪುಣ್ಯಾತ್ಗಿತ್ತಿ ಮತ್ತೆ ಮರಕ್ಕೆ ನೇತಾಕ್ಕೋಬೇಕಲ್ಲೋ!"

ಬೈರಪ್ಪ ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ದೇವರಾಣೆ, ಮುಂದಿನ ಸಲ ನಾವ್ಯಾರೂ ಬರಾಕಿಲ್ಲ. ನೀನು, ನಲ್ಲಪ್ಪ, ಗಡಿಗೆ, ಅಷ್ಟೇ. ಎಲ್ಲೂ ನಿಲ್ಲಿಸ್ಬೇಡಿ. ಅತ್ತು ಗಂಟೆಗೆಲ್ಲ ಒಳೇಲಿರ್ತೀರ."

ಹತ್ತು ಜನವೂ ನದಿಯ ಕಡೆ ಕೈ ಮುಗಿದು ಹೌದೆಂದರು. ದಿನವಿಡೀ ಹನುಮಂತರಾಯಪ್ಪ ದೇವರಲ್ಲಿ ಬೇಡಿದ್ದು ಇದನ್ನೇ. ಅವನು ಗಡಿಗೆಯನ್ನು ಎಡದ ಕಂಕುಳಿನಿಂದ ಬಲಕ್ಕೆ ಬದಲಾಯಿಸಿಕೊಂಡ.

"ಬೈರಣ್ಣ, ಆ ಬೃಂದಾವನದಾಗೆ ಬಣ್ಣಬಣ್ಣದ ದೀಪ ಆಕ್ತಾರಂತಲ್ಲ?"

"ಊಂ, ಆಕ್ತಾರೆ."

"ಮುಂದಿನ ಸಲ ಮೊದಲು ಅಲ್ಲಿಗೆ ಓಗಾನ. ಎಲ್ಲಾರೂ ಬನ್ನಿ."

ಅಶ್ವತ್ಥಮ್ಮ ಕಣ್ಣೊರೆಸುತ್ತಿದ್ದ ಸೆರಗನ್ನು ಅಲ್ಲಿಗೇ ನಿಲ್ಲಿಸಿದಳು. "ಅಯ್ಯೋ ಮಂಕೇ! ಆ ದೀಪ ಅತ್ತಿಸೋದೇ ಕತ್ತಲಾದ ಮೇಲಲ್ವೇನೋ? ಆಗ್ಲೂ ಒತ್ತು ಮುಳುಗಿರ್ತದಲ್ಲೋ!"

"ಮುಳುಗ್ಲಿ ಬಿಡಕ್ಕ" ಎಂದ ಹನುಮಂತರಾಯಪ್ಪ, ಗಾಡಿಯ ಕಡೆ ತಿರುಗುತ್ತ. "ಅದರ ಮುಂದಿನ ಅಮಾವಾಸ್ಯೆ ಐತಲ್ಲ."