ತಾರಸಿಯ ತುಂಡು ಹಿಡಿದು ಕಾರ್ಖಾನೆಗೆ

ನನ್ನ ಚಿಕ್ಕಪ್ಪನಂಥ ಜಗಳಗಂಟ ಉಡುಪಿಯಿಂದ ಕಾರ್ಕಳದವರೆಗೆ ಇನ್ನೊಬ್ಬನಿರಲಿಲ್ಲ. ಬೇರೆಯವರು ಬಾಯಲ್ಲಿ ಜಗಳವಾಡಿದರೆ ಇವರು ಸಾಕ್ಷಿ ಹಿಡಿದು ಆಡುತ್ತಿದ್ದರು. ಕಾಪುವಿನ ಅಂಗಡಿಯಲ್ಲಿ ಕೊಂಡ ಕೊಡೆ ಸೋರಿತು ಅನ್ನಿ. ವಾಪಸು ಕೊಟ್ಟು ಸುಮ್ಮನಾಗುವ ಜನವೇ? ಜೋರು ಮಳೆಯಲ್ಲಿ ಅಂಗಡಿಯೆದುರು ಅದೇ ಕೊಡೆ ಬಿಡಿಸಿ ಅರ್ಧ ಗಂಟೆ ನಿಂತರು. ಅಂಗಡಿಯವ ಕೈಮುಗಿದು ಹೊಸ ಕೊಡೆ ಕೊಟ್ಟ. ಚಿಕ್ಕಪ್ಪನಿಗೆ ಒಂದು ವಾರ ಜ್ವರ. “ಆದರೂ ಕೊಡೆ ಸಿಕ್ಕಿತಲ್ವಾ?” ಎಂದು ಕಂಬಳಿಯೊಳಗಿಂದಲೇ ಕೇಳುತ್ತಿದ್ದರು.

ಇಂಥವರು ಎಪ್ಪತ್ತರ ದಶಕದ ಕೊನೆಗೆ ಬೆಳ್ಮಣ್ಣಿನಲ್ಲಿ ತಾರಸಿ ಮನೆ ಕಟ್ಟಿಸಿದರು. ಸಿಮೆಂಟಿಗೆ ಸರಕಾರದ ಪರ್ಮಿಟ್ ಬೇಕಿದ್ದ ಕಾಲ. ಕಚೇರಿಗೆ ಅಲೆದು ಪರ್ಮಿಟ್ ಮಾಡಿಸಿಕೊಟ್ಟದ್ದು ನನ್ನ ಅಪ್ಪ. ಮನೆ ಏಳುವವರೆಗೆ ಚೀಲಗಳನ್ನು ಇಟ್ಟುಕೊಂಡದ್ದೂ ಕಡಿಯಾಳಿಯ ನಮ್ಮ ಮನೆಯಲ್ಲೇ. “ಅಣ್ಣ ಇಲ್ಲದಿದ್ರೆ ನನಗೆ ಮನೆಯೇ ಇಲ್ಲ” ಎಂದು ಚಿಕ್ಕಪ್ಪ ಕಂಡಕಂಡವರಲ್ಲಿ ಹೇಳಿದರು. ಎರಡನೇ ಮಳೆಗಾಲಕ್ಕೆ ತಾರಸಿ ಸೋರಿತು. ಮೂರನೆಯದಕ್ಕೆ ಒಂದು ತುಂಡು ಕಳಚಿ ಚಿಕ್ಕಮ್ಮನ ತಲೆದಿಂಬಿನ ಪಕ್ಕದಲ್ಲೇ ಬಿತ್ತು. ಒಂದು ಗೇಣು ಈಚೆ ಬಿದ್ದಿದ್ದರೆ ಚಿಕ್ಕಮ್ಮ ಉಳಿಯುತ್ತಿರಲಿಲ್ಲ.

ಸಿಮೆಂಟು ಮಾಡಿದವರು ತಪ್ಪು ಒಪ್ಪಿಕೊಳ್ಳಬೇಕು, ಹೊಸ ಸಿಮೆಂಟು ಕೊಡಬೇಕು ಎಂದು ಚಿಕ್ಕಪ್ಪ ಹಟ ಹಿಡಿದರು. ಅಪ್ಪ ಮೂರು ಸಲ ತಡೆದರು. “ಅಷ್ಟು ದೂರ ಎಂತಕ್ಕೆ? ಆದದ್ದು ಆಯಿತು.” ಕೇಳುವವರು ಯಾರು? ತುಂಡನ್ನು ಗೋಣಿಯಲ್ಲಿ ಕಟ್ಟಿ, ಬಿ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನನ್ನನ್ನೂ ಕಟ್ಟಿಕೊಂಡು ಹೊರಟೇಬಿಟ್ಟರು.

ಬಸ್ಸಿನಲ್ಲಿ ಕಂಡಕ್ಟರ್ ಗೋಣಿ ಒದ್ದು ನೋಡಿದ. “ಇದೆಂತ, ಕಲ್ಲಾ?”

“ಕಲ್ಲಾಗಿದ್ರೆ ನಾನ್ಯಾಕೆ ಹೊತ್ಕೊಂಡು ಹೋಗ್ತಿದ್ದೆ ಮಾರಾಯ? ಕಲ್ಲಾಗ್ಲಿಲ್ಲ ಅಂತಲೇ ಹೋಗೋದು.”

ಲಗೇಜಿಗೆ ಟಿಕೇಟು ಹರಿದೇ ಬಿಟ್ಟ.

ಘಟ್ಟ ಹತ್ತಿ, ಬಯಲುಸೀಮೆಯ ಆ ಹಳೇ ಕಾರ್ಖಾನೆ ಮುಟ್ಟುವಾಗ ಮರುದಿನ ಬೆಳಿಗ್ಗೆ. ಅಜ್ಜನ ಕಾಲದ ಚಿಮಣಿಗಳು, ಬೂದು ಬಣ್ಣದ ಬೇವಿನ ಮರಗಳು, ಹುಬ್ಬೆಲ್ಲ ಬೆಳ್ಳಗಾದ ಕೆಲಸಗಾರರು. ನಮ್ಮನ್ನು ಕೂರಿಸಿದ ಕೋಣೆಗೆ ಮಾತ್ರ ಮಂಗಳೂರು ಹಂಚು! “ನೋಡಿದ್ಯಾ? ಇವರಿಗೇ ಇವರ ಸಿಮೆಂಟಿನ ಮೇಲೆ ನಂಬಿಕೆ ಇಲ್ಲ” ಎಂದು ಚಿಕ್ಕಪ್ಪ ಗೆದ್ದವರ ಹಾಗೆ ನಕ್ಕರು.

ಪರೀಕ್ಷೆ ಮಾಡುವ ವಯಸ್ಸಾದ ಅಧಿಕಾರಿ ಒಳ್ಳೆಯವರು. ತುಂಡನ್ನು ಬೆರಳಲ್ಲೇ ಪುಡಿ ಮಾಡಿ, ಮೇಲೆ ಏನೋ ಹೊಯ್ದು, ಭೂತಗನ್ನಡಿ ಹಿಡಿದು ನೋಡಿದರು.

“ಇದರಾಗ ಸಿಮೆಂಟು ಅರ್ಧಾನೂ ಇಲ್ರೀ. ಒಲಿ ಬೂದಿ ಕಲಸ್ಯಾರ. ಚೀಲ ಎಲ್ಲಿ ಇಟ್ಟಿದ್ರಿ?”

ಚೀಲಗಳು ನಮ್ಮಲ್ಲಿದ್ದ ತಿಂಗಳೇ ಅಪ್ಪ ನಮ್ಮ ಮನೆಯ ಜಗಲಿಗೆ ಸಿಮೆಂಟು ಹಾಕಿಸಿದ್ದು. ಪಾತ್ರೆ ತಿಕ್ಕಲು ಬಚ್ಚಲೊಲೆಯಲ್ಲಿ ಹಿಡಿ ಬೂದಿ ಸಿಗುವುದಿಲ್ಲ ಎಂದು ಅಮ್ಮ ಗೊಣಗಿದ್ದೂ ಆ ತಿಂಗಳೇ. ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಅಷ್ಟೇ ಸಾಕಾಯಿತು.

“ಎಲ್ಲಿಯೂ ಇಡ್ಲಿಲ್ಲ” ಎಂದರು ಚಿಕ್ಕಪ್ಪ. “ಲಾರಿಯಿಂದ ನೇರ ನನ್ನ ಮನೆಗೇ ಬಂದದ್ದು. ಹೊಲಿಗೆ ಬಿಚ್ಚಿದ್ದೂ ನಾನೇ.” ಅವರ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು. ಸಾಕ್ಷಿಯನ್ನು ಅಲ್ಲೇ ಬಿಟ್ಟು ಎದ್ದರು.

ವಾಪಸು ಬರುವಾಗ ಬಸ್ಸು ಹಿರಿಯಡ್ಕ ದಾಟಿದ ಮೇಲೆ ಚಿಕ್ಕಪ್ಪ ಕಿಟಕಿಯಾಚೆ ನೋಡುತ್ತಲೇ ಹೇಳಿದರು: “ಆಗ ನಿನ್ನ ಅಕ್ಕನನ್ನು ನೋಡ್ಲಿಕ್ಕೆ ಗಂಡಿನವರು ಬರುವವರಿದ್ರು ಅಲ್ವಾ? ಜಗಲಿ ಚಂದ ಕಾಣಬೇಕಿತ್ತು. ಕೇಳ್ಲಿಕ್ಕೆ ಅಣ್ಣನಿಗೆ ನಾಚಿಕೆ ಆಗಿರಬೇಕು. ಕೇಳಿದ್ರೆ ನಾನು ಕೊಡ್ತಿದ್ದೆ.”

ಅಪ್ಪ ಅದೇ ಜಗಲಿಯಲ್ಲಿ ಕೂತಿದ್ದರು. “ಎಂತ ಹೇಳಿದ್ರು?”

“ಅವರದ್ದೇ ತಪ್ಪು, ಅಣ್ಣ. ಒಪ್ಪಿಕೊಂಡ್ರು.”

ಅಪ್ಪನ ಮುಖ ಸಡಿಲವಾಯಿತು. “ನಾನು ಆವತ್ತೇ ಹೇಳಿದ್ದೆ, ಆ ಕಂಪೆನಿ ಸರಿ ಇಲ್ಲಾಂತ.”

“ಹೌದು, ನೀನು ಹೇಳಿದ್ದೆ” ಎಂದು ಚಿಕ್ಕಪ್ಪ ಪಕ್ಕದಲ್ಲೇ ಕೂತು ಕಾಫಿ ಕುಡಿದು, ಬೆಳ್ಮಣ್ಣಿನ ಬಸ್ಸಿಗೆ ಹೋದರು. ಸಾಯುವವರೆಗೂ ಊರೆಲ್ಲ ಕೇಳುವ ಹಾಗೆ ಆ ಕಾರ್ಖಾನೆಯನ್ನು ಬೈದರು. ಅಪ್ಪನನ್ನು ಅವರು ಬಸ್ಸಿನಲ್ಲೇ ಕ್ಷಮಿಸಿದ್ದರು. ನನ್ನಿಂದ ಇವತ್ತಿಗೂ ಆಗಿಲ್ಲ.