ಡಿಸ್ಕಿಗೊಬ್ಬ ಕಾವಲುಗಾರ

ಕಂಪ್ಯೂಟರ್ ವಿಷಯದಲ್ಲಿ ನನಗೆ ಮೋಸ ಮಾಡುವವನು ಪುಣೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಂಬಿದ್ದ ಕಾಲವದು. ಹೊಸ ಶತಮಾನ ಬಂತೆಂದು ಊರೆಲ್ಲ ಹೊಸ ಯಂತ್ರ ಕೊಳ್ಳುತ್ತಿದ್ದರೆ, ನಾನು ಚಾಕಣದ ಕಾರ್ಖಾನೆಯೊಂದು ಗುಜರಿಗೆ ಹಾಕಿದ್ದ ಹಳೇ ಕಂಪ್ಯೂಟರನ್ನು ಬಿಬವೇವಾಡಿಯ ಮನೆಗೆ ಆಟೋದಲ್ಲಿ ತಂದಿದ್ದೆ. ಡಾಸ್ ಕಾಲದ ಮುದುಕ. ಆದರೂ ನನ್ನ ಮುದುಕ!

ಒಂದು ಸಂಜೆ ಆಫೀಸಿನಿಂದ ಬಂದು ನೋಡಿದರೆ ಕೀಬೋರ್ಡಿನ ಮೇಲೆ ಅರಿಶಿನದ ಬೆರಳಚ್ಚು! ತನಿಖೆ ಆರಂಭವಾಯಿತು. ಹೆಂಡತಿ ಸುಮಾಗೆ ಕಂಪ್ಯೂಟರ್ ಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾದರೆ ಎದುರು ಮನೆಯ ಜೋಶಿ ಕಾಕಾ! ನಿವೃತ್ತರು, ಮಧ್ಯಾಹ್ನ ಪೇಪರ್ ಕೇಳಲು ಬರುವವರು, ಅರಿಶಿನ ಹಾಕಿದ ಬಟಾಟೆವಡಾದ ಪ್ರಿಯರು. ಇನ್ನೇನು ಸಾಕ್ಷಿ ಬೇಕು?

ಬಾಯಿಬಿಟ್ಟು ಕೇಳಲಿಲ್ಲ. ತಾಂತ್ರಿಕ ಕ್ರಮ ಕೈಗೊಂಡೆ. ಇಡೀ ಡಿಸ್ಕನ್ನು ಇದ್ದದ್ದು ಇದ್ದಂತೆ ನಕಲಿಳಿಸಿ, ಒಂದೇ ಫೈಲು ಮಾಡಿ, ಎರಡನೇ ಡಿಸ್ಕಿನಲ್ಲಿ ಬಚ್ಚಿಟ್ಟೆ. ಇದಕ್ಕೆ ಡಿಸ್ಕ್ ಇಮೇಜ್ ಎನ್ನುತ್ತಾರೆ. ದಿನಾ ಸಂಜೆ ಫ್ಲಾಪಿ ಹಾಕಿ ಆ ಇಮೇಜನ್ನು ಮೊದಲ ಡಿಸ್ಕಿನ ಮೇಲೆ ಮರಳಿ ಇಳಿಸುವುದು. ಹಗಲು ಕಾಕಾ ಏನೇ ಮಾಡಿರಲಿ, ಊಟದ ಹೊತ್ತಿಗೆ ಡಿಸ್ಕು ಮೊದಲಿನಂತೆ, ಅವರದೆಲ್ಲ ನಿರ್ನಾಮ!

ನಾಲ್ಕನೇ ದಿನ ಸುಮಾ ಕೇಳಿದಳು: "ರೀ, ಕಂಪ್ಯೂಟರ್‌ನಾಗ ಇಟ್ಟಿದ್ದು ತಾನ ಮಾಯ ಆಗ್ತದೇನ್ರಿ?"

"ಕಳ್ಳರು ಇಟ್ಟಿದ್ದು ಮಾತ್ರ ಆಗ್ತದ," ಎಂದೆ ಗಂಭೀರವಾಗಿ.

ಅವಳು ನನ್ನನ್ನೇ ದಿಟ್ಟಿಸಿದಳು. ಆ ನೋಟ ನನಗೆ ಸರಿಬರಲಿಲ್ಲ. ಕಾಕಾ ಇವಳನ್ನೂ ತಮ್ಮ ಕಡೆ ಮಾಡಿಕೊಂಡರೇ?

ಮರುದಿನ ಮೆಟ್ಟಿಲಲ್ಲಿ ಕಾಕಾರನ್ನು ಅಡ್ಡಗಟ್ಟಿ ಕಂಪ್ಯೂಟರ್ ಬರುತ್ತದೆಯೇ ಎಂದು ಮರಾಠಿಯಲ್ಲಿ ಸೂಕ್ಷ್ಮವಾಗಿ ವಿಚಾರಿಸಿದೆ.

"ಅಹೋ, ಮಲಾ ಟಿವಿಚಾ ರಿಮೋಟ್‌ಸುದ್ಧಾ ಜಮತ ನಾಹಿ!" ಎಂದರು.

ಟಿವಿ ರಿಮೋಟೂ ಬಾರದಂತೆ! ಪಕ್ಕಾ ಅಪರಾಧಿಯ ಮಾತು. ಅಂದಿನಿಂದ ಬೆಳಗ್ಗೆಯೂ ಒಮ್ಮೆ ಇಮೇಜ್ ಇಳಿಸತೊಡಗಿದೆ.

ಕೊನೆಗೊಂದು ದಿನ ಅರ್ಧ ರಜೆ ಹಾಕಿ, ಫ್ಲಾಪಿ ಹಿಡಿದು, ಸದ್ದಿಲ್ಲದೆ ಬಾಗಿಲು ತೆರೆದು ಒಳನುಗ್ಗಿದೆ. ಕಾಕಾ ಇರಲಿಲ್ಲ. ಅರಿಶಿನದ ಕೈಯಲ್ಲೇ ಟಕಟಕ ಕುಟ್ಟುತ್ತಿದ್ದವಳು ಸುಮಾ!

"ಅಂದ್ರ... ನೀನಾ?"

ಅವಳು ನನ್ನ ಕೈಯಲ್ಲಿದ್ದ ಫ್ಲಾಪಿ ನೋಡಿದಳು. "ಅಂದ್ರ... ನೀವಾ?"

ಕನ್ನಡ ಸಂಘದ ಹೆಂಗಸರಿಗೆಂದು ನಾಟಕ ಬರೆಯುತ್ತಿದ್ದಳಂತೆ. ಪ್ರದರ್ಶನಕ್ಕೆ ಎಂಟೇ ದಿನ. ಟೈಪಿಂಗ್ ಪರೀಕ್ಷೆಯನ್ನು ಮದುವೆಗೆ ಮುಂಚೆಯೇ ಪಾಸು ಮಾಡಿದ್ದಳಂತೆ, ನಾನು ಕೇಳಿರಲಿಲ್ಲ.

"ಮೊದಲನೇ ಅಂಕ ಆರು ಸಲ ಬರದೀನ್ರಿ! ಮರುದಿನ ನೋಡಿದ್ರ ಖಾಲಿ!" ಅವಳ ಕಣ್ಣುಗಳು ತುಂಬಿದ್ದವು.

"ನನಗೊಂದು ಮಾತು ಹೇಳಬಾರದಿತ್ತೇನ?"

"ಹೇಳಿದ್ರ ತಿದ್ದಾಕ ಕೂಡ್ತಿದ್ರಿ."

ಫ್ಲಾಪಿಯನ್ನು ಅವಳ ಕೈಗೇ ಒಪ್ಪಿಸಿದೆ. ಎಂಟು ದಿನ ನಾನೇ ಅಡುಗೆ ಮಾಡಿದೆ. ಅವಳು ಏಳನೇ ಸಲ ಬರೆದು ನಾಟಕ ಮುಗಿಸಿದಳು.

ಪ್ರದರ್ಶನದ ದಿನ ಪರದೆ ಸರಿಯಿತು. ಮೊದಲ ಸಲ ಬರೆದಾಗ ನಾಯಕಿಯ ಗಂಡ ದೇವರಂಥ ಮನುಷ್ಯನಾಗಿದ್ದನಂತೆ. ನಾನು ಅಳಿಸಿದಷ್ಟು ಸಲ ಸಿಟ್ಟಿನಲ್ಲಿ ಬರೆದೂ ಬರೆದೂ, ಈಗ ಸ್ವಂತ ನೆರಳನ್ನೂ ಪೊಲೀಸರಿಗೆ ಒಪ್ಪಿಸುವ ಸಂಶಯಪಿಶಾಚಿಯಾಗಿಬಿಟ್ಟಿದ್ದ! ಜನ ಬಿದ್ದು ಬಿದ್ದು ನಕ್ಕರು.

"ಇಂಥಾ ಹುಚ್ಚ ಗಂಡ ಖರೇನ ಎಲ್ಲ್ಯಾರ ಇರ್ತಾನೇನವಾ?" ಎಂದಳು ಹಿಂದಿನ ಸಾಲಿನಲ್ಲೊಬ್ಬಳು.

ಯಾರಿಗೂ ಸಂಶಯ ಬರಬಾರದಲ್ಲ! ಎಲ್ಲರಿಗಿಂತ ಜೋರಾಗಿ ನಾನೇ ಚಪ್ಪಾಳೆ ತಟ್ಟಿದೆ.